ಎರಡು ಸಾವಿರ ಬಂತು, ಒಂದು ಮನೆ ಬಿಟ್ಟರು

ವಿಜಯನಗರದ ನಮ್ಮ ರಸ್ತೆಯಲ್ಲಿ ಪಾತ್ರೆ ತೊಳೆದು, ನೆಲ ಒರೆಸುವ ಅಕ್ಕ ಒಬ್ಬರಿದ್ದಾರೆ. ಕಾಮಾಕ್ಷಿಪಾಳ್ಯದಿಂದ ಬೆಳಿಗ್ಗೆ ಏಳಕ್ಕೆಲ್ಲ ಬರುತ್ತಾರೆ. ಮೊದಲು ನಾಲ್ಕು ಮನೆ ಮಾಡುತ್ತಿದ್ದರು. ಗೃಹಲಕ್ಷ್ಮಿ ದುಡ್ಡು ಬರೋಕೆ ಶುರುವಾದ ಕೆಲವು ತಿಂಗಳಲ್ಲಿ ಒಂದು ಮನೆ ಬಿಟ್ಟರು. ಆ ಮನೆಯಲ್ಲಿ ಕೊಡುತ್ತಿದ್ದದ್ದು ತಿಂಗಳಿಗೆ 1,800 ರೂಪಾಯಿ. ಸರ್ಕಾರ ಕೊಡುವುದು 2,000. ಲೆಕ್ಕ ಸರಿಹೋಯಿತು.

ರಸ್ತೆಯಲ್ಲಿ ಮಾತು ಹಬ್ಬಿತು. "ನೋಡಿ, ಬಿಟ್ಟಿ ದುಡ್ಡು ಬಂದ್ರೆ ಯಾರು ಕೆಲಸ ಮಾಡ್ತಾರೆ? ಜನರನ್ನ ಸೋಮಾರಿ ಮಾಡಿಬಿಟ್ರು." ನನಗೂ ಒಂದು ಕ್ಷಣ ಹೌದಲ್ಲ ಅನ್ನಿಸಿತು. ಒಂದು ದಿನ ಕೇಳಿಯೇ ಬಿಟ್ಟೆ. "ಯಾಕಕ್ಕ ಆ ಮನೆ ಬಿಟ್ರಿ?"

"ನಾಲ್ಕನೇ ಫ್ಲೋರ್ ಕಣಮ್ಮ. ಕೆಲಸದೋರು ಲಿಫ್ಟ್ ಹತ್ತಂಗಿಲ್ಲ ಅಂತಾರೆ. ನನಗೆ ಮೊಣಕಾಲು ನೋವು. ಎಷ್ಟು ದಿನ ಅಂತ ಹತ್ತಲಿ?"

ಸಾರ್ವತ್ರಿಕ ಮೂಲ ಆದಾಯದ ಬಗ್ಗೆ ಎಲ್ಲಿ ಚರ್ಚೆ ನಡೆದರೂ ನನಗೆ ಆ ಮೆಟ್ಟಿಲು ನೆನಪಾಗುತ್ತದೆ. ದುಡ್ಡು ಕೊಟ್ಟರೆ ಜನ ಕೆಲಸ ಬಿಡುತ್ತಾರಾ ಎಂದು ಎಲ್ಲರೂ ಕೇಳುತ್ತಾರೆ. ಯಾವ ಕೆಲಸ ಬಿಡುತ್ತಾರೆ, ಯಾಕೆ ಬಿಡುತ್ತಾರೆ ಎಂದು ಕೇಳುವವರು ಕಡಿಮೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಗೃಹಲಕ್ಷ್ಮಿ ಮೂಲ ಆದಾಯ ಅಲ್ಲ. ಮೂಲ ಆದಾಯ ಅಂದರೆ ಬಡವರು, ಶ್ರೀಮಂತರು ಎನ್ನದೆ ಪ್ರತಿಯೊಬ್ಬರಿಗೂ, ಯಾವ ಷರತ್ತೂ ಇಲ್ಲದೆ, ತಪ್ಪದೆ ಕೈಗೆ ಬರುವ ನಗದು. ಕೆಲಸ ಸಿಕ್ಕರೂ ಅದು ನಿಲ್ಲುವುದಿಲ್ಲ, ಸಿಗದಿದ್ದರೂ ನಿಲ್ಲುವುದಿಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿ ಸಿಗುವುದು ಮನೆಯ ಯಜಮಾನಿಗೆ ಮಾತ್ರ. ಅವರು ಅಥವಾ ಅವರ ಗಂಡ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾದರೆ ಇಲ್ಲ. ನಾಲ್ಕು ಜನರ ಮನೆಯಲ್ಲಿ ಹಂಚಿದರೆ ತಲೆಗೆ 500 ರೂಪಾಯಿ. ಬೆಂಗಳೂರಿನಲ್ಲಿ ಇದನ್ನು ನಂಬಿಕೊಂಡು ಯಾರೂ ಸುಮ್ನೆ ಮನೆಯಲ್ಲಿ ಕೂರಲಾರರು. ಆದರೂ ಸುಮಾರು 1.2 ಕೋಟಿ ಮನೆಗಳಿಗೆ ತಲುಪುವ, ಹೀಗೇ ಖರ್ಚು ಮಾಡಬೇಕು ಎಂಬ ಷರತ್ತಿಲ್ಲದ ನಗದು ಇದು. ಹಾಗಾಗಿ ಈ ಚರ್ಚೆಗೆ ನಮ್ಮ ಕಣ್ಣೆದುರೇ ಒಂದು ಉದಾಹರಣೆ ಇದೆ.

ಇನ್ನು ಸೋಮಾರಿತನದ ಮಾತು. ಇದನ್ನು ಹೇಳುವವರು ನಮ್ಮ ರಸ್ತೆಯವರಷ್ಟೇ ಅಲ್ಲ. 2025ರ ಫೆಬ್ರವರಿಯಲ್ಲಿ ನಗರದ ವಸತಿಹೀನರ ಆಶ್ರಯದ ಬಗ್ಗೆ ವಿಚಾರಣೆ ನಡೆಯುವಾಗ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರು, ಉಚಿತ ಯೋಜನೆಗಳಿಂದಾಗಿ ಜನ ಕೆಲಸ ಮಾಡಲು ಮುಂದೆ ಬರುತ್ತಿಲ್ಲ ಎಂದರು. ಅದೇ ತಿಂಗಳು ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಕಟ್ಟಡ ಕೆಲಸಕ್ಕೆ ಊರು ಬಿಟ್ಟು ಬರಲು ಜನ ಒಪ್ಪುತ್ತಿಲ್ಲ, ಸರ್ಕಾರಿ ಯೋಜನೆಗಳೂ ಅದಕ್ಕೆ ಕಾರಣ ಎಂಬ ಅರ್ಥದ ಮಾತಾಡಿದರು. ಇಷ್ಟು ದೊಡ್ಡ ಸ್ಥಾನದಲ್ಲಿರುವವರು ಹೇಳಿದಾಗ ಅದನ್ನು ತಳ್ಳಿಹಾಕುವ ಹಾಗಿಲ್ಲ. ಪರೀಕ್ಷೆ ಮಾಡಬೇಕು. ಅದೃಷ್ಟಕ್ಕೆ ಪರೀಕ್ಷೆಗಳು ಆಗಿವೆ.

ನಮ್ಮ ದೇಶದಲ್ಲೇ ಆದದ್ದನ್ನು ಮೊದಲು ನೋಡೋಣ. 2011ರ ಸುಮಾರಿಗೆ ಮಧ್ಯಪ್ರದೇಶದಲ್ಲಿ 'ಸೇವಾ' ಮಹಿಳಾ ಸಂಘಟನೆ, ಯುನಿಸೆಫ್ ನೆರವಿನಿಂದ, 8 ಹಳ್ಳಿಗಳ ಎಲ್ಲರಿಗೂ ತಿಂಗಳು ತಿಂಗಳು ದುಡ್ಡು ಕೊಟ್ಟಿತು. ದೊಡ್ಡವರಿಗೆ 200 ರೂಪಾಯಿ, ಮಕ್ಕಳಿಗೆ 100. ಆಮೇಲೆ ಅದು 300 ಮತ್ತು 150 ಆಯಿತು. ಜೊತೆಗೆ, ದುಡ್ಡು ಸಿಗದ ಬೇರೆ ಹಳ್ಳಿಗಳನ್ನೂ ಹೋಲಿಕೆಗೆ ಇಟ್ಟುಕೊಂಡರು. ಅರ್ಥಶಾಸ್ತ್ರಜ್ಞ ಗಯ್ ಸ್ಟ್ಯಾಂಡಿಂಗ್ ಈ ಅಧ್ಯಯನದಲ್ಲಿದ್ದರು. ದುಡ್ಡು ಸಿಕ್ಕ ಹಳ್ಳಿಗಳಲ್ಲಿ ದುಡಿಮೆ ಕಡಿಮೆ ಆಗಲಿಲ್ಲ, ಜಾಸ್ತಿಯಾಯಿತು. ಬದಲಾದದ್ದು ದುಡಿಮೆಯ ರೀತಿ. ಬೇರೆಯವರ ಹೊಲದ ಕೂಲಿಗಿಂತ ಸ್ವಂತ ಹೊಲದಲ್ಲಿ ಗೇಯುವುದು ಹೆಚ್ಚಿತು. ಮೇಕೆ, ಕೋಳಿ ಬಂದವು. ಬಿತ್ತನೆ ಬೀಜಕ್ಕೆ, ಗೊಬ್ಬರಕ್ಕೆ ದುಡ್ಡಾಯಿತು. ಸಾಲ ತೀರಿಸಲು ಸಾಹುಕಾರನ ಹೊಲದಲ್ಲಿ ದುಡಿಯುವ ಕಟ್ಟುಪಾಡು ಸಡಿಲವಾಯಿತು.

ಈ ಕೊನೆಯ ಮಾತನ್ನು ಸಾಹುಕಾರನ ಕಡೆಯಿಂದ ಯೋಚಿಸಿ. ಅವನ ಹೊಲಕ್ಕೆ ಬರುವವರು ಕಡಿಮೆಯಾದರು. ಅವನ ಬಾಯಲ್ಲಿ ಬರುವ ಮಾತು "ಜನ ಸೋಮಾರಿಗಳಾದರು" ಅಂತಲೇ. ಅದೇ ಹೊತ್ತಿಗೆ ಅದೇ ಜನ ತಮ್ಮ ಹೊಲದಲ್ಲಿ ಬೆವರು ಸುರಿಸುತ್ತಿದ್ದರು. ಬೆಂಗಳೂರಿನ ಮೇಸ್ತ್ರಿ, ಹೋಟೆಲ್ ಮಾಲೀಕರು "ಕೆಲಸಕ್ಕೆ ಜನ ಸಿಗ್ತಿಲ್ಲ" ಎಂದು ಗೊಣಗುವಾಗ ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ಹೇಳುವುದಿಲ್ಲ. ಹಳೇ ಕೂಲಿಗೆ, ಹಳೇ ಷರತ್ತಿಗೆ ಜನ ಸಿಗುತ್ತಿಲ್ಲ, ಅದು ನಿಜ. ಆದರೆ ಅದಕ್ಕೂ ದುಡಿಯುವ ಮನಸ್ಸಿಗೂ ಸಂಬಂಧ ಇಲ್ಲ.

ಬೇರೆ ದೇಶಗಳ ಕಥೆಯೂ ಹೆಚ್ಚು ಕಡಿಮೆ ಇದೇ. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು 6 ದೇಶಗಳ 7 ಸರ್ಕಾರಿ ನಗದು ಯೋಜನೆಗಳನ್ನು ಒಟ್ಟಿಗೆ ನೋಡಿದರು. ದುಡ್ಡು ಬಂದದ್ದರಿಂದ ಜನ ಕೆಲಸ ಕಡಿಮೆ ಮಾಡಿದರು ಎನ್ನಲು ಆಧಾರ ಸಿಗಲಿಲ್ಲ. ಇರಾನ್ 2010ರ ಕೊನೆಯಲ್ಲಿ ಇಂಧನ ಸಬ್ಸಿಡಿ ತೆಗೆದು ಹೆಚ್ಚೂಕಡಿಮೆ ಎಲ್ಲರಿಗೂ ನಗದು ಕೊಟ್ಟಿತು. ಶುರುವಿನಲ್ಲಿ ಅದು ಸಾಮಾನ್ಯ ಕುಟುಂಬವೊಂದರ ಆದಾಯದ ಶೇ. 29ರಷ್ಟಿತ್ತು. ಅಲ್ಲಿಯೂ ಒಟ್ಟಾರೆ ದುಡಿಮೆ ಕುಸಿಯಲಿಲ್ಲ. ಫಿನ್ಲೆಂಡ್ 2017 ಮತ್ತು 2018ರಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೋ ಕೊಟ್ಟು ನೋಡಿತು. ಅವರು ಉಳಿದವರಿಗಿಂತ ವರ್ಷಕ್ಕೆ ಸರಾಸರಿ 6 ದಿನ ಜಾಸ್ತಿಯೇ ಕೆಲಸ ಮಾಡಿದ್ದರು. ದೊಡ್ಡ ವ್ಯತ್ಯಾಸ ಏನಲ್ಲ. ಆದರೆ ದುಡ್ಡು ಬಂತೆಂದು ಅವರು ಮಲಗಿಬಿಡಲಿಲ್ಲ.

ನನ್ನ ಮಾತಿಗೆ ವಿರುದ್ಧವಾದ ಸಾಕ್ಷ್ಯವೂ ಇದೆ. ಅದನ್ನು ಬಚ್ಚಿಟ್ಟರೆ ಚರ್ಚೆಗೆ ಅರ್ಥ ಇಲ್ಲ. ಅಮೆರಿಕದ ಟೆಕ್ಸಾಸ್ ಮತ್ತು ಇಲಿನಾಯ್‌ನಲ್ಲಿ, ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಅವರ ಹಣವೂ ಸೇರಿದ ಒಂದು ಪ್ರಯೋಗದಲ್ಲಿ, 1,000 ಜನರಿಗೆ ಮೂರು ವರ್ಷ ತಿಂಗಳಿಗೆ 1,000 ಡಾಲರ್ ಕೊಟ್ಟರು. ಇನ್ನೂ 2,000 ಜನರಿಗೆ 50 ಡಾಲರ್ ಮಾತ್ರ. 2024ರಲ್ಲಿ ಫಲಿತಾಂಶ ಬಂತು. ಹೆಚ್ಚು ದುಡ್ಡು ಸಿಕ್ಕವರು ಉಳಿದವರಿಗಿಂತ ವಾರಕ್ಕೆ ಸುಮಾರು 1.3 ಗಂಟೆ ಕಡಿಮೆ ಕೆಲಸ ಮಾಡಿದ್ದರು. ಉಳಿದ ಸಮಯದಲ್ಲಿ ಹೆಚ್ಚಿನದು ಬಿಡುವಿಗೆ ಹೋಗಿತ್ತು. ಈ ಸುದ್ದಿ ಬಂದಾಗ "ನೋಡಿದ್ರಾ, ಹೇಳಿರಲಿಲ್ವಾ" ಎಂದವರು ಬಹಳ.

1.3 ಗಂಟೆ ಅಂದರೆ ವಾರಕ್ಕೆ 78 ನಿಮಿಷ. ಏಳು ದಿನಕ್ಕೆ ಹಂಚಿದರೆ ದಿನಕ್ಕೆ 11 ನಿಮಿಷ.

ಆ 11 ನಿಮಿಷದ ಬಗ್ಗೆ ನಾನು ತುಂಬಾ ಯೋಚಿಸಿದ್ದೇನೆ. ನಮ್ಮ ಅಕ್ಕ ಮನೆ ಬಿಟ್ಟದ್ದರಿಂದ ಉಳಿದದ್ದು ದಿನಕ್ಕೆ ಹತ್ತಿರ ಹತ್ತಿರ ಒಂದು ಗಂಟೆ. ಆ ಗಂಟೆಯಲ್ಲಿ ಅವರು ಹಿಟ್ಟಿನ ವ್ಯಾಪಾರ ಶುರು ಮಾಡಲಿಲ್ಲ, ಹೊಲಿಗೆ ಮೆಷಿನ್ ಕೊಳ್ಳಲಿಲ್ಲ. ಯೋಜನೆಯ ಪರವಾಗಿ ಬರೆಯುವವರಿಗೆ ಅಂಥ ಕಥೆ ಬೇಕು, ಗೊತ್ತು. ಇವರು ಮನೆಗೆ ಹೋಗಿ ಕಾಲು ಚಾಚಿ ಕೂತು ತಿಂಡಿ ತಿನ್ನುತ್ತಾರೆ. ಮೊದಲು ಎರಡನೇ ಮನೆಗೂ ಮೂರನೇ ಮನೆಗೂ ನಡುವೆ ನಿಂತುಕೊಂಡೇ ತಿನ್ನುತ್ತಿದ್ದರು. ಅಷ್ಟೇ ವ್ಯತ್ಯಾಸ. 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ ಮನೆಗೆಲಸ ಮಾಡುವ ಹೆಂಗಸರು ಸಂಬಳ ಇಲ್ಲದ ಈ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಗಂಡಸರು 97. ಐದು ಗಂಟೆ ಸ್ವಂತ ಮನೆಯ ಪಾತ್ರೆ, ಅದರ ಮೇಲೆ ಮೂರು ಮನೆಯ ಪಾತ್ರೆ. ಅಂಥವರು ನಾಲ್ಕನೇ ಮನೆ ಬಿಟ್ಟರೆ ಅದನ್ನು ಸೋಮಾರಿತನ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಕೆನಡಾದ ಡಾಫಿನ್ ಪಟ್ಟಣದಲ್ಲಿ 1970ರ ದಶಕದಲ್ಲಿ ಇಂಥದೇ ಪ್ರಯೋಗ ನಡೆದಿತ್ತು. ಅಲ್ಲೂ ಮುಖ್ಯವಾಗಿ ದುಡಿಮೆ ಕಡಿಮೆ ಮಾಡಿದ್ದು ಹಸುಗೂಸಿನ ತಾಯಂದಿರು, ಮತ್ತು ಬೇಗ ಕೆಲಸಕ್ಕೆ ಸೇರುವ ಬದಲು ಶಾಲೆಯಲ್ಲೇ ಉಳಿದ ಹುಡುಗರು. ಆಸ್ಪತ್ರೆ ಸೇರುವವರ ಪ್ರಮಾಣ ಶೇ. 8.5ರಷ್ಟು ಇಳಿದಿತ್ತು ಎಂದು ಅರ್ಥಶಾಸ್ತ್ರಜ್ಞೆ ಎವೆಲಿನ್ ಫೋರ್ಜೆ ಹಳೇ ದಾಖಲೆ ಹುಡುಕಿ ತೋರಿಸಿದರು. ಬಾಣಂತಿ ಮನೆಯಲ್ಲಿರುವುದು, ಹುಡುಗ ಓದುವುದು ದೇಶಕ್ಕೆ ನಷ್ಟವೇ?

ಕೆಲಸದ ಮಾತು ಬಂದಾಗ ನಮ್ಮಲ್ಲಿ ತಕ್ಷಣ ಹೊರಡುವುದು ಕಾಯಕದ ಮಾತು. ಪುಕ್ಕಟೆ ಬಂದದ್ದು ಬೇಡ ಎನ್ನುವುದಕ್ಕೆ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯುತ್ತಾರೆ. ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ವಾಪಸ್ ಸುರಿದು ಬನ್ನಿ ಎಂದವರು ಆಕೆ. ನಾನೂ ಆ ಕಥೆ ಕೇಳಿ ಬೆಳೆದವಳು. ಆದರೆ ಶರಣರು ಕಾಯಕವನ್ನು ಎತ್ತಿ ಹಿಡಿದದ್ದು ಮಾಡುವ ಕೆಲಸಕ್ಕೆ ಮರ್ಯಾದೆ ಇರಬೇಕು ಎಂದು. ಕಾಯಕದ ಜೊತೆಗೇ ದಾಸೋಹವನ್ನೂ ಇಟ್ಟರು. ದುಡಿದದ್ದನ್ನು ಹಂಚಿಕೊಳ್ಳಬೇಕು ಎಂದರು. ಮನೆ ಒರೆಸಲು ಬರುವವರನ್ನು ಲಿಫ್ಟ್‌ನಿಂದ ಆಚೆ ನಿಲ್ಲಿಸಿ ಅವರಿಗೆ ಕಾಯಕದ ಪಾಠ ಹೇಳುವುದು ಸರಿಯಲ್ಲ.

ಆ ನಾಲ್ಕನೇ ಮಹಡಿಯ ಮನೆಗೆ ಈಗ ಬೇರೆಯವರು ಬರುತ್ತಿದ್ದಾರೆ. ಸಂಬಳ 2,500 ರೂಪಾಯಿ ಮಾಡಿದ್ದಾರಂತೆ. ಮೂಲ ಆದಾಯದಿಂದ ಸಂಬಳ ಹೆಚ್ಚಾಗುವುದು ಹೀಗೆಯೇ. ಬೇಡ ಎನ್ನುವ ಶಕ್ತಿ ಒಬ್ಬರಿಗೆ ಬಂದರೆ, ಮುಂದೆ ಬರುವವರಿಗೆ ಸ್ವಲ್ಪ ಜಾಸ್ತಿ ಕೊಡಬೇಕಾಗುತ್ತದೆ. ಮಧ್ಯಮ ವರ್ಗದ ನಮ್ಮ ಮನೆ ಖರ್ಚು ಏರುತ್ತದೆ, ಅದನ್ನು ಒಪ್ಪಿಕೊಳ್ಳೋಣ. ನಮ್ಮ ಸಿಟ್ಟಿಗೆ ಅರ್ಧ ಕಾರಣವೂ ಅದೇ ಇರಬಹುದು.

ಇನ್ನೊಂದು ಅಧ್ಯಯನವಿದೆ. ಅದು ಮೂಲ ಆದಾಯದ್ದಲ್ಲ. ಆದರೆ ದುಡಿಯುವ ಮನಸ್ಸಿನ ಬಗ್ಗೆ ನನಗೆ ಅತಿ ಹೆಚ್ಚು ಕಲಿಸಿದ್ದು ಅದೇ. ಒಡಿಶಾದಲ್ಲಿ ಊಟದ ಎಲೆ ಹಚ್ಚುವ ಕಾರ್ಮಿಕರ ಮೇಲೆ ಅರ್ಥಶಾಸ್ತ್ರಜ್ಞರಾದ ಸುಪ್ರೀತ್ ಕೌರ್, ಸೆಂಧಿಲ್ ಮುಲ್ಲೈನಾಥನ್ ಮೊದಲಾದವರು ಮಾಡಿದ್ದು. ಎಷ್ಟು ಎಲೆ ಹಚ್ಚಿದರೆ ಅಷ್ಟು ದುಡ್ಡು. ಕೆಲವರಿಗೆ ಬರಬೇಕಿದ್ದ ಕೂಲಿಯ ಒಂದು ಭಾಗವನ್ನು ಕೆಲವು ದಿನ ಮೊದಲೇ ಕೊಟ್ಟರು. ಹೆಚ್ಚಿಗೆ ಒಂದು ರೂಪಾಯಿಯೂ ಕೊಡಲಿಲ್ಲ, ಕೊಡುವ ದಿನ ಮಾತ್ರ ಬದಲಿಸಿದರು. ದುಡ್ಡು ಕೈಗೆ ಬಂದ ಮೇಲೆ ಅವರು ಹಚ್ಚುವ ಎಲೆಗಳು ಸುಮಾರು ಶೇ. 7ರಷ್ಟು ಹೆಚ್ಚಾದವು. ಕೆಲಸದಲ್ಲಿ ತಪ್ಪುಗಳೂ ಕಡಿಮೆಯಾದವು. ದುಡ್ಡು ಸಿಕ್ಕ ಕೂಡಲೇ ಜನ ಮೊದಲು ಮಾಡಿದ್ದು ಸಾಲ ತೀರಿಸಿದ್ದು, ಮನೆಗೆ ಸಾಮಾನು ತಂದದ್ದು. ತಲೆಯೊಳಗಿನ ಕೊರೆತ ಕಡಿಮೆಯಾಯಿತು. ಕೈ ಚುರುಕಾಯಿತು.

ಮೀಟರ್ ಬಡ್ಡಿ ಸಾಲ ಮಾಡಿದ ಯಾರನ್ನಾದರೂ ಕೇಳಿ, ಅರ್ಥವಾಗುತ್ತದೆ. ಮೈಕ್ರೋಫೈನಾನ್ಸ್ ಕಿರುಕುಳ ತಡೆಯಲು ನಮ್ಮ ರಾಜ್ಯ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ವಾರದ ಕಂತು ಕಟ್ಟಲು ಎಲ್ಲಿಂದ ತರುವುದು ಎಂಬ ಚಿಂತೆಯಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತವರ ಗಮನ ಬಟ್ಟೆಯ ಮೇಲೆ ಹೇಗೆ ನಿಲ್ಲಬೇಕು? ಕಷ್ಟ ಇದ್ದರೇ ಜನ ದುಡಿಯುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಒಡಿಶಾದ ಎಲೆಗಳು ಹೇಳುವುದು ಅದರ ತದ್ವಿರುದ್ಧ.

ಕೀನ್ಯಾದಿಂದಲೂ ಇದಕ್ಕೆ ಹೊಂದುವ ಮಾತೇ ಬಂದಿದೆ. ಅಲ್ಲಿ ಒಂದು ಗುಂಪಿನ ಹಳ್ಳಿಗಳಿಗೆ 12 ವರ್ಷ, ಇನ್ನೊಂದು ಗುಂಪಿಗೆ 2 ವರ್ಷ ದುಡ್ಡು ಕೊಡುತ್ತೇವೆ ಎಂದು ಮೊದಲೇ ತಿಳಿಸಿದ್ದರು. ಮೊತ್ತ ಒಂದೇ, ದಿನಕ್ಕೆ ಸುಮಾರು ಮುಕ್ಕಾಲು ಡಾಲರ್. ಎರಡು ವರ್ಷದ ಹೊತ್ತಿಗೆ ಎರಡೂ ಗುಂಪಿನ ಕೈಗೆ ಬಂದದ್ದು ಅಷ್ಟೇ ದುಡ್ಡು. ಆದರೂ 12 ವರ್ಷದ ಭರವಸೆ ಇದ್ದವರು ಹೆಚ್ಚು ಉಳಿಸಿ, ಸಣ್ಣ ವ್ಯಾಪಾರಕ್ಕೆ ಹೆಚ್ಚು ಹಾಕಿದ್ದರು. ನಾಳೆಯೂ ಬರುತ್ತದೆ ಎಂಬ ಧೈರ್ಯ ಅವರಿಂದ ಕೆಲಸ ಮಾಡಿಸಿತು.

ಈಗ ನಮ್ಮ ವ್ಯವಸ್ಥೆಯಲ್ಲಿ ದುಡಿಮೆಗೆ ನಿಜವಾಗಿ ಅಡ್ಡ ಬರುವ ವಿಷಯಕ್ಕೆ ಬರುತ್ತೇನೆ. ಅದು ಬಿಪಿಎಲ್ ಕಾರ್ಡು.

ಕರ್ನಾಟಕದಲ್ಲಿ ಬಿಪಿಎಲ್‌ಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.2 ಲಕ್ಷ ರೂಪಾಯಿ. ತಿಂಗಳಿಗೆ 10,000. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಒಬ್ಬ ಹೆಣ್ಣುಮಗಳು ಓವರ್‌ಟೈಮ್ ಸೇರಿಸಿ ದುಡಿದರೆ ಸಾಕು, ಈ ಗೆರೆ ದಾಟುತ್ತದೆ. ಗಂಡನೂ ದುಡಿದರೆ ಕೇಳುವುದೇ ಬೇಡ. ಗೆರೆ ದಾಟಿದರೆ ಅಕ್ಕಿ ಹೋಗುತ್ತದೆ. ಆಸ್ಪತ್ರೆಯಲ್ಲಿ ಸಿಗುವ ರಿಯಾಯಿತಿ ಹೋಗುತ್ತದೆ. 2024ರ ನವೆಂಬರ್‌ನಲ್ಲಿ ಕಾರ್ಡು ರದ್ದತಿಯ ಗಲಾಟೆ ಎದ್ದಾಗ ಬಡಾವಣೆ ಬಡಾವಣೆಗಳಲ್ಲಿ ಜನ ಗಾಬರಿಯಾದದ್ದು ಇದಕ್ಕೇ. ಹೀಗಿರುವಾಗ ಯಾರಾದರೂ ಯಾಕೆ ಬ್ಯಾಂಕಿಗೆ ಸಂಬಳ ಹಾಕಿಸಿಕೊಳ್ಳುತ್ತಾರೆ? ಕೈಗೇ ಕೊಡಿ ಅನ್ನುತ್ತಾರೆ. ಲೆಕ್ಕಕ್ಕೆ ಸಿಗುವ ಕೆಲಸಕ್ಕಿಂತ ಲೆಕ್ಕಕ್ಕೆ ಸಿಗದ ಕೆಲಸವೇ ವಾಸಿ ಅನ್ನುತ್ತಾರೆ. ಪಿಎಫ್, ಇಎಸ್‌ಐ ಎಲ್ಲ ಬಿಟ್ಟುಕೊಡುತ್ತಾರೆ. ಬಡವರಿಗೆ ಮಾತ್ರ ಕೊಡುತ್ತೇವೆ ಎಂದ ಕೂಡಲೇ ಬಡತನದಿಂದ ಒಂದು ಮೆಟ್ಟಿಲು ಮೇಲೆ ಹತ್ತಿದವರಿಗೆ ದಂಡ ಹಾಕಿದ ಹಾಗಾಗುತ್ತದೆ.

ಎಲ್ಲರಿಗೂ ಕೊಡುವ ಮೂಲ ಆದಾಯದಲ್ಲಿ ಈ ಭಯ ಇಲ್ಲ. ಹೆಚ್ಚು ದುಡಿದರೆ ಅದು ಪೂರ್ತಿ ನಿಮ್ಮದೇ. ಉಳ್ಳವರಿಗೆ ಹೋದದ್ದನ್ನು ತೆರಿಗೆಯಲ್ಲಿ ವಾಪಸ್ ತೆಗೆದುಕೊಳ್ಳಬಹುದು. ಅಂಬಾನಿಗೂ ಕೊಡಬೇಕಾ ಎಂದು ಕೇಳುವವರಿಗೆ ನನ್ನ ಉತ್ತರ ಇದೇ.

ಆದರೆ ದುಡ್ಡೆಲ್ಲಿದೆ? ಇಲ್ಲಿ ನನ್ನ ಉತ್ಸಾಹ ಸ್ವಲ್ಪ ಇಳಿಯುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.1 ಕೋಟಿ. ಆ ಹಳೇ ಲೆಕ್ಕಕ್ಕೇ ತಲೆಗೆ ತಿಂಗಳಿಗೆ 1,000 ರೂಪಾಯಿ ಕೊಟ್ಟರೆ ವರ್ಷಕ್ಕೆ 73,000 ಕೋಟಿ ದಾಟುತ್ತದೆ. 2025-26ರ ರಾಜ್ಯ ಬಜೆಟ್ ಗಾತ್ರ ಸುಮಾರು 4.09 ಲಕ್ಷ ಕೋಟಿ. ಅದರಲ್ಲಿ ಐದೂ ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ. ಅಂದರೆ ಐದೂ ಗ್ಯಾರಂಟಿ ನಿಲ್ಲಿಸಿದರೂ ಈ ಸಾವಿರ ರೂಪಾಯಿಗೆ ಸಾಲುವುದಿಲ್ಲ. 2016-17ರ ಕೇಂದ್ರದ ಆರ್ಥಿಕ ಸಮೀಕ್ಷೆಯಲ್ಲಿ ಆಗಿನ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ್ ಸುಬ್ರಮಣಿಯನ್ ಅವರ ತಂಡ ಇದೇ ಲೆಕ್ಕ ಹಾಕಿತ್ತು. ವರ್ಷಕ್ಕೆ 7,620 ರೂಪಾಯಿ, ಅದೂ ಶೇ. 75ರಷ್ಟು ಜನರಿಗೆ ಮಾತ್ರ. ಅದಕ್ಕೇ ದೇಶದ ಜಿಡಿಪಿಯ ಶೇ. 4.9 ಬೇಕಿತ್ತು. ರಾಜ್ಯವೊಂದು ಒಬ್ಬಂಟಿಯಾಗಿ ಹೊರುವ ಭಾರ ಇದಲ್ಲ.

ಇನ್ನು, ಎಲ್ಲ ನಿಲ್ಲಿಸಿ ನಗದು ಕೊಟ್ಟುಬಿಡಿ ಎನ್ನುವವರಿಗೆ ಅನ್ನಭಾಗ್ಯದ ಅನುಭವ ನೆನಪಿರಬೇಕು. 2023ರಲ್ಲಿ ಹೆಚ್ಚುವರಿ ಅಕ್ಕಿ ಸಿಗದೆ ಸರ್ಕಾರ ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಹಾಕಿತು. ಆ ಬೆಲೆಗೆ ಬೆಂಗಳೂರಿನ ಅಂಗಡಿಯಲ್ಲಿ ಒಳ್ಳೆ ಅಕ್ಕಿ ಸಿಗುತ್ತಿರಲಿಲ್ಲ. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯನ್ನೇ ಕೊಡತೊಡಗಿದರು. ಬೆಲೆ ಏರಿದರೆ ನಗದು ಕರಗುತ್ತದೆ, ಅಕ್ಕಿ ಕರಗುವುದಿಲ್ಲ. ಬಾಡಿಗೆಯೂ ಹಾಗೆಯೇ. ಈ ಊರಿನಲ್ಲಿ ಎಲ್ಲರ ಕೈಗೂ ಸಾವಿರ ಬಂತು ಎಂದು ಗೊತ್ತಾದರೆ ಓನರ್‌ಗಳು ಸುಮ್ಮನಿರುತ್ತಾರಾ ಎಂಬ ಅನುಮಾನ ನನಗೂ ಇದೆ. ಸರ್ಕಾರಿ ಶಾಲೆ, ಆಸ್ಪತ್ರೆ, ರೇಷನ್ ಇವುಗಳ ಜಾಗದಲ್ಲಿ ಮೂಲ ಆದಾಯ ಬರುವುದಾದರೆ ನಾನು ಅದನ್ನು ವಿರೋಧಿಸುತ್ತೇನೆ.

ಇತ್ತೀಚೆಗೆ ಈ ಚರ್ಚೆ ಐಟಿಯವರ ನಡುವೆ ಜೋರಾಗಿದೆ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು ಕಡಿಮೆ ಮಾಡುತ್ತೇವೆ ಎಂದ ಮೇಲೆ ಮನೆ ಸಾಲದ ಇಎಂಐ ಕಟ್ಟುವ ನನ್ನ ಗೆಳೆಯರ ದನಿಯೇ ಬದಲಾಗಿದೆ. ಎಐ ಎಲ್ಲ ಕೆಲಸ ಕಿತ್ತುಕೊಂಡರೆ ಮೂಲ ಆದಾಯ ಬೇಕೇ ಬೇಕು ಎನ್ನುತ್ತಾರೆ. ಅವರ ಭಯ ನಿಜವಾದ ಭಯ. ನಾನು ಅವರಿಗೆ ಹೇಳುವುದು ಇಷ್ಟೇ: ಕೆಲಸ ಹೋದ ಇಂಜಿನಿಯರ್‌ಗೆ ಆರು ತಿಂಗಳು ಕೈಯಲ್ಲಿ ದುಡ್ಡಿದ್ದರೆ ಅವನು ಸೋಮಾರಿಯಾಗುವುದಿಲ್ಲ. ಸರಿಯಾದ ಕೆಲಸ ಹುಡುಕುತ್ತಾನೆ, ಹೊಸದೇನಾದರೂ ಕಲಿಯುತ್ತಾನೆ. ಅದನ್ನು ನಾವು ಸುಲಭವಾಗಿ ನಂಬುತ್ತೇವೆ. ಪಾತ್ರೆ ತೊಳೆಯುವವರ ಬಗ್ಗೆಯೂ ಅಷ್ಟೇ ನಂಬಿಕೆ ಇಡಬೇಕು.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ನನ್ನ ಮಟ್ಟಿಗೆ, ವಯಸ್ಸಾದವರಿಂದ. ದುಡಿಯುವ ಮನಸ್ಸು ಇದೆಯೋ ಇಲ್ಲವೋ ಎಂದು ಅವರನ್ನು ಯಾರೂ ಕೇಳುವಂತಿಲ್ಲ. ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ ಇದೆ. ಅದಕ್ಕೂ ಆದಾಯದ ಮಿತಿ, ಪ್ರಮಾಣಪತ್ರ, ಅಲೆದಾಟ. ವೃದ್ಧಾಪ್ಯ ಪಿಂಚಣಿಯಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು ವರ್ಷಾನುಗಟ್ಟಲೆಯಿಂದ 200 ರೂಪಾಯಿಯಲ್ಲೇ ನಿಂತಿದೆ. 60 ದಾಟಿದ ಎಲ್ಲರಿಗೂ, ಯಾವ ಕಾಗದವೂ ಕೇಳದೆ, ಪ್ರತಿ ತಿಂಗಳು ಒಂದೇ ತಾರೀಖಿಗೆ, ಬದುಕಲು ಸಾಕಾಗುವಷ್ಟು ಕೊಡುವುದು ನಮ್ಮ ಕೈಗೆ ಎಟುಕುವ ಮೂಲ ಆದಾಯ. ತಾರೀಖಿನ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಗೃಹಲಕ್ಷ್ಮಿ ಕಂತು ತಡವಾದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಯಾವಾಗ ಬರುತ್ತದೋ ಗೊತ್ತಿಲ್ಲದ ಎರಡು ಸಾವಿರವನ್ನು ನಂಬಿ ಯಾರೂ ಚೀಟಿ ಕಟ್ಟಲಾರರು, ಮಗಳ ಫೀಸಿಗೆ ಒಪ್ಪಿಕೊಳ್ಳಲಾರರು.

ಮೊನ್ನೆ ಅಕ್ಕ ಪಾತ್ರೆ ಒರೆಸಿ ಇಡುತ್ತಾ ಕೇಳಿದರು. ಅವರಿಗೀಗ 52. "ಈ ದುಡ್ಡು ಇನ್ನೂ ಎಷ್ಟು ವರ್ಷ ಬತ್ತದಮ್ಮ? ನಾನು ಕೆಲಸ ಮಾಡಕ್ಕೆ ಆಗದೇ ಇದ್ದಾಗ ಇರ್ತದಾ?"

ಮುಂದಿನ ವಿಧಾನಸಭೆ ಚುನಾವಣೆ 2028ಕ್ಕೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಇನ್ನೊಂದು ಮನೆ ಇದ್ರೆ ನೋಡಮ್ಮ, ಗ್ರೌಂಡ್ ಫ್ಲೋರ್‌ದು" ಅಂದರು.